ದಡಕ್ಕೆ ಕರೆದು ಬಾಗಿಲು ಹಾಕಿದರು

ಬಬ್ಬೂರಿನ ಬಂಧುಗಳೇ, 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ನೀರಿಗೆ ಹಕ್ಕುದಾರರು ಬಹಳ. ಹರಿಗೋಲು, ಬಲೆ ಹೊತ್ತು ಹೊಳೆಯಿಂದ ಕೆರೆಗೆ ಅಲೆದ ಶಿಳ್ಳೇಕ್ಯಾತರಿಗೆ ನಾಡಿನ ಯಾವ ನೀರಿನಲ್ಲಿ ಪಾಲಿದೆ?

ಹಗಲು ಮೀನು ಹಿಡಿದು, ರಾತ್ರಿ ತೊಗಲುಗೊಂಬೆ ಆಡಿಸಿ ಹಳ್ಳಿಗಳಿಗೆ ರಾಮಾಯಣ ತೋರಿಸಿದ ಜನ ಇವರು. ಒಂದೆಡೆ ನೆಲೆಸಿ ಎಂದು ಸರ್ಕಾರ ಬುದ್ಧಿ ಹೇಳಿತು. ನೆಲೆಸಿದರು, ಊರ ಹೊರಗೆ! ಇತ್ತ ಕೆರೆಯ ಮೀನು ಹರಾಜಿಗೆ ಹೋಯಿತು. ಸವಾಲು ಕೂಗಿದವನು ದುಡ್ಡುಳ್ಳವನು. ಕಸುಬು ಬಲ್ಲವನು ಅವನ ಕೂಲಿ.

ಥಾಯ್ಲೆಂಡಿನ ಕಡಲ ಅಲೆಮಾರಿ ಮೋಕೆನ್ನರ ಪಾಡೂ ಇದೇ. 2004ರ ಸುನಾಮಿಯ ನಂತರ ಅವರನ್ನು ದಡದಲ್ಲಿ ಕೂರಿಸಿದರು. ಕಡಲಿಗಿಳಿದರೆ ರಾಷ್ಟ್ರೀಯ ಉದ್ಯಾನದ ಕಟ್ಟುಪಾಡು. ಕಚೇರಿಗೆ ಹೋದರೆ ಎಷ್ಟೋ ಜನರಿಗೆ ಪೌರತ್ವದ ಕಾಗದವೇ ಇಲ್ಲ.

2025ರಲ್ಲಿ ಕೊಪ್ಪಳ ಜಿಲ್ಲೆಯ ಗೊಂಬೆಯಾಟದ ಅಜ್ಜಿ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ಸಂತೋಷ. ಅದೇ ಆಗಸ್ಟಿನಲ್ಲಿ ನಾಗಮೋಹನ ದಾಸ್ ಆಯೋಗವು ಅಲೆಮಾರಿಗಳೂ ಸೇರಿದ 59 ಜಾತಿಗಳಿಗೆ ಶೇ. 1ರ ಒಳಮೀಸಲಾತಿ ಪ್ರತ್ಯೇಕವಾಗಿಡಲು ಹೇಳಿತು. ರಾಜ್ಯದ ಸಂಪುಟ ಅದನ್ನು ಕೈಬಿಟ್ಟು, ಅವರನ್ನು ಜನಬಲವುಳ್ಳ ಜಾತಿಗಳೊಡನೆ ಶೇ. 5ರ ಗುಂಪಿಗೆ ನೂಕಿತು. ಕೊರಳಿಗೆ ಹಾರ, ಕೈಗೆ ಚಿಪ್ಪು!

ಗಿರಣಿಯ ಗೆಳೆಯರೇ, ನಿಮ್ಮ ಕೂಲಿಯನ್ನು ಮಾಲೀಕನೊಬ್ಬನೇ ಗೊತ್ತುಮಾಡಿದರೆ ಸುಮ್ಮನಿರುತ್ತೀರಾ? ಸಣ್ಣ ವರ್ತಕರೇ, ಒಬ್ಬ ಸಾಹುಕಾರ ಇಡೀ ಸಂತೆಯನ್ನೇ ಗುತ್ತಿಗೆ ಹಿಡಿದರೆ ಬದುಕುತ್ತೀರಾ? ಶಿಳ್ಳೇಕ್ಯಾತನ ಗೋಳು ನಿಮಗೆ ಬೇರೆಯಲ್ಲ.

ಮನೆಯ ಜಾಗಕ್ಕೆ ಹಕ್ಕುಪತ್ರ, ಮೀನಿನ ಗುತ್ತಿಗೆಯಲ್ಲಿ ಕಸುಬುದಾರರ ಸಂಘಕ್ಕೆ ಮೊದಲ ಹಕ್ಕು, ಮೀಸಲಾತಿಯಲ್ಲಿ ಬೇರೆಯೇ ಪಾಲು: ಸಮಾಜ ಅವರಿಗೆ ಕೊಡಬೇಕಾದ ಬಾಕಿ ಇದು. ವಸೂಲಿಗೆ ಅವರು ಹೊರಟಾಗ ನಾವೂ ಜೊತೆಗಿರೋಣ.