ಬೈಕ್ ಟ್ರ್ಯಾಕ್‌ಗೆ ಸಿಮೆಂಟ್ ಸುರಿಯುವ ಮುಂಚೆ ಮಣ್ಣು ನೋಡ್ರಿ

ಹೋದ ಬೇಸಿಗೆಯಲ್ಲಿ ನನ್ನ ಅಕ್ಕನ ಮಗ ಬೈಕ್‌ನಿಂದ ಬಿದ್ದು ಭುಜದ ಎಲುಬು ಮುರಿದುಕೊಂಡ. ಬಿದ್ದಿದ್ದು ಹೆದ್ದಾರಿಯಲ್ಲಿ ಅಲ್ಲ, ಹೊಲದಲ್ಲಿ. ಕಮಲಾಪುರದ ಕಡೆ ಒಂದು ಊರಿನ ಹುಡುಗರು ಬೀಳು ಬಿಟ್ಟ ಎರಿ ಹೊಲದಲ್ಲಿ ದಿಬ್ಬ ಕಟ್ಟಿ, ತಿರುವು ಮಾಡಿ, ಡರ್ಟ್ ಬೈಕ್ ಟ್ರ್ಯಾಕ್ ಮಾಡಿಕೊಂಡಿದ್ದರು. ಧೂಳು ಏಳುತ್ತದೆ, ದಿಬ್ಬ ಕುಸಿಯುತ್ತದೆ ಎಂದು ಪಟ್ಟಿ ಎತ್ತಿ ಸಿಮೆಂಟ್ ತಂದರು. ನೀರಲ್ಲಿ ಕಲಸಿ ಟ್ರ್ಯಾಕ್ ಮೇಲೆಲ್ಲಾ ಸುರಿದರು.

ದವಾಖಾನೆಯಲ್ಲಿ ಅವನು ನನಗೆ ಹೇಳಿದ್ದು ಒಂದೇ ಮಾತು: "ಮಾಮಾ, ಅದು ನೆಲ ಇರಲಿಲ್ಲ, ಫರಸಿ ಕಲ್ಲ ಆಗಿತ್ತು."

ಮಳೆಗಾಲ ಬಂದ ಮೇಲೆ ನಾನು ಬ್ರಹ್ಮಪುರದಿಂದ ಹೋಗಿ ಆ ಹೊಲ ನೋಡಿದೆ. ಮೇಲಿನ ಸಿಮೆಂಟ್ ಹಪ್ಪಳದ ಹಾಗೆ ಒಡೆದು ಎದ್ದಿತ್ತು. ಅದರ ಕೆಳಗಿನ ಎರಿ ಮಣ್ಣು ಮೊದಲಿನಂತೆಯೇ ಕಾಲಿಗೆ ಮೆತ್ತುವ ರಾಡಿ. ದುಡ್ಡೂ ಹೋಯಿತು, ಹುಡುಗನ ಭುಜವೂ ಹೋಯಿತು.

ಹಾಗಂತ ಟ್ರ್ಯಾಕ್ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಮಾಡಬೇಕು. ಆದರೆ ಮಣ್ಣು ತಿಳಿದು ಮಾಡಬೇಕು.

ಟ್ರ್ಯಾಕ್ ಯಾಕೆ ಬೇಕು?

ಇಲ್ಲದಿದ್ದರೆ ಹುಡುಗರು ರೋಡಿಗೆ ಇಳಿಯುತ್ತಾರೆ. ಕಲಬುರಗಿಯ ರಿಂಗ್ ರೋಡ್‌ನಲ್ಲಿ, ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ರಸ್ತೆಯಲ್ಲಿ ಸಂಜೆ ಹೊತ್ತು ಒಂದೇ ಗಾಲಿ ಮೇಲೆ ಬೈಕ್ ಓಡಿಸುವವರನ್ನು ನೀವೂ ನೋಡಿದ್ದೀರಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಪ್ರಕಾರ 18 ತುಂಬದ ಮಗ ಗಾಡಿ ಓಡಿಸಿ ಅಪರಾಧ ಮಾಡಿದರೆ ಅಪ್ಪನಿಗೆ ಅಥವಾ ಗಾಡಿ ಮಾಲೀಕನಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಇದೆ. ಬೈದರೆ, ದಂಡ ಹಾಕಿದರೆ ಹುಡುಗರು ರಸ್ತೆ ಬದಲಿಸುತ್ತಾರೆಯೇ ಹೊರತು ಆಸೆ ಬಿಡುವುದಿಲ್ಲ.

ಇದು ಬರೀ ಪುಂಡಾಟದ ವಿಷಯವೂ ಅಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. ಅದೇ ಊರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮಹಿಳೆಯರ ವಿಭಾಗದಲ್ಲಿ ಬಾಹಾ ವಿಶ್ವಕಪ್ ಗೆದ್ದರು. ಸಂತೋಷ್ ಕೋಲಾರದ ಹತ್ತಿರ ಬಿಗ್ ರಾಕ್ ಡರ್ಟ್ ಪಾರ್ಕ್ ಎಂಬ ಮಣ್ಣಿನ ಟ್ರ್ಯಾಕ್ ಕಟ್ಟಿ ಹುಡುಗರಿಗೆ ಕಲಿಸುವ ವ್ಯವಸ್ಥೆ ಮಾಡಿದರು. ಕೋಲಾರದ ಮಣ್ಣಿನಲ್ಲಿ ಆಗುವುದು ನಮ್ಮ ಮಣ್ಣಿನಲ್ಲಿ ಯಾಕೆ ಆಗಬಾರದು? ಆದರೆ ನಮ್ಮ ಮಣ್ಣು ಬೇರೆ. ಅಲ್ಲೇ ಇರುವುದು ತೊಡಕು.

ಎರಿ ಮಣ್ಣು ಬೇರೆ, ಕೆಂಪು ಮಣ್ಣು ಬೇರೆ

ನಮ್ಮ ಜಿಲ್ಲೆಯ ಬಹುಪಾಲು ನೆಲ ಎರಿ. ತೊಗರಿಗೆ, ಜೋಳಕ್ಕೆ ಬಂಗಾರ. ಕಟ್ಟಡಕ್ಕೆ, ರಸ್ತೆಗೆ ಶತ್ರು. ಇದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಸಣ್ಣ ಜೇಡಿಯ ಅಂಶ ಹೆಚ್ಚು. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದು ಇದಕ್ಕೇ. ಹೀಗೆ ಕೆಳಗಿನ ನೆಲವೇ ವರ್ಷಕ್ಕೊಮ್ಮೆ ಉಸಿರಾಡುವಾಗ ಮೇಲೆ ಹಾಕಿದ ತೆಳು ಸಿಮೆಂಟ್ ಹೇಗೆ ನಿಲ್ಲಬೇಕು?

ಕಮಲಾಪುರದ ಸುತ್ತ ಕೆಲವು ಕಡೆ ಕೆಂಪು ಮಣ್ಣು ಇದೆ. ಭೌಗೋಳಿಕ ಗುರುತು ಪಡೆದ ಕಮಲಾಪುರದ ಕೆಂಪು ಬಾಳೆ ಬೆಳೆಯುವ ಸೀಮೆ ಅದು. ಮರಳು, ಗರಸು ಬೆರೆತ ಮಣ್ಣು, ಮುರುಮು ಇದ್ದರೆ ಅದು ಅಷ್ಟು ಉಬ್ಬುವುದಿಲ್ಲ. ಅಂಥ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ದಮ್ಮಸ್ಸು ಮಾಡಿದರೆ ಹಿಡಿಯುತ್ತದೆ. ಎರಿ ಮಣ್ಣಿಗೆ ಬೇಕಾದದ್ದು ಸಿಮೆಂಟ್ ಅಲ್ಲ, ಸುಣ್ಣ.

ಸುಣ್ಣದಲ್ಲಿರುವ ಕ್ಯಾಲ್ಸಿಯಂ ಜೇಡಿಯ ಕಣಗಳಿಗೆ ಅಂಟಿಕೊಂಡು ಅವುಗಳ ಜಿಗುಟು ಕಡಿಮೆ ಮಾಡುತ್ತದೆ. ಒಂದೆರಡು ದಿನದಲ್ಲೇ ಮೆತ್ತಗಿನ ಹೆಂಟೆ ಪುಡಿಪುಡಿಯಾಗತೊಡಗುತ್ತದೆ. ಆಮೇಲೆ ವಾರಗಟ್ಟಲೆ ನಿಧಾನವಾಗಿ ಗಟ್ಟಿಯಾಗುತ್ತದೆ. ರಸ್ತೆ ಕಟ್ಟುವವರು ಸಾಮಾನ್ಯವಾಗಿ ಒಣ ಮಣ್ಣಿನ ತೂಕದ ಶೇ 3ರಿಂದ 8ರಷ್ಟು ಸುಣ್ಣ ಬೆರೆಸುತ್ತಾರೆ. ಭಾರತೀಯ ರಸ್ತೆ ಕಾಂಗ್ರೆಸ್ (ಐಆರ್‌ಸಿ) ಇದಕ್ಕೆಂದೇ ಮಾರ್ಗಸೂಚಿ ಬರೆದಿದೆ. ಸುಣ್ಣ ನಮಗೆ ಹೊಸದೂ ಅಲ್ಲ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೇ ನಮ್ಮ ಸುಣ್ಣದ ಕಲ್ಲಿನ ಮೇಲೆ.

ಯಾವ ಮಣ್ಣು ಎಂದು ಮನೆಯಲ್ಲೇ ನೋಡಬಹುದು

ಎರಡು ಒಂದೇ ಅಳತೆಯ ಉದ್ದ ಗಾಜಿನ ಲೋಟ ತೊಗೊಳ್ಳಿ. ಒಣಗಿಸಿ ಪುಡಿ ಮಾಡಿ ಜರಡಿ ಹಿಡಿದ ಮಣ್ಣನ್ನು ಎರಡಕ್ಕೂ 10 ಗ್ರಾಂ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಲಕಿ, ಒಂದು ದಿನ ಅಲ್ಲಾಡಿಸದೆ ಇಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅದರಲ್ಲಿ ಮಣ್ಣು 2 ಬೆರಳು ಕೂತು, ನೀರಿನಲ್ಲಿ 3 ಬೆರಳು ಕೂತರೆ ಉಬ್ಬು ಶೇ 50. ಅದಕ್ಕಿಂತ ಹೆಚ್ಚು ಉಬ್ಬುವ ಮಣ್ಣನ್ನು ರಸ್ತೆ ಏರಿಗೆ ಬಳಸಬಾರದು ಎಂಬುದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿಯಮ. ಮನೆಯ ಈ ಪರೀಕ್ಷೆ ಅಂದಾಜಿಗೆ ಮಾತ್ರ. ಸುಣ್ಣ ಎಷ್ಟು ಹಾಕಬೇಕು ಎಂಬುದನ್ನು ಪ್ರಯೋಗಾಲಯದಲ್ಲೇ ಗೊತ್ತು ಮಾಡಬೇಕು.

ಇಡೀ ಟ್ರ್ಯಾಕ್ ಗಟ್ಟಿ ಮಾಡಬಾರದು

ಆ ಹುಡುಗರು ಮಾಡಿದ ದೊಡ್ಡ ತಪ್ಪು ಇದೇ. ಡರ್ಟ್ ಬೈಕ್ ಟಯರಿಗೆ ದೊಡ್ಡ ದೊಡ್ಡ ಹಲ್ಲು ಇರುತ್ತವೆ. ಆ ಹಲ್ಲು ಮಣ್ಣಿಗೆ ಕಚ್ಚಿದರೆ ಮಾತ್ರ ಗಾಡಿ ಹಿಡಿತದಲ್ಲಿರುತ್ತದೆ. ನೆಲ ಕಲ್ಲಾಗಿ, ಅದರ ಮೇಲೆ ಸಣ್ಣ ಧೂಳು ಕೂತರೆ ರಾಗಿ ಕಾಳಿನ ಮೇಲೆ ನಡೆದ ಹಾಗೆ ಜಾರುತ್ತದೆ. ಬಿದ್ದರೆ ಪೆಟ್ಟನ್ನು ನೆಲ ತಿನ್ನುವುದಿಲ್ಲ, ಎಲುಬು ತಿನ್ನುತ್ತದೆ.

ಆದ್ದರಿಂದ ತಳ ಗಟ್ಟಿ, ಮೇಲು ಮೆತ್ತಗೆ ಇರಬೇಕು. ಮೇಲಿನ 4ರಿಂದ 6 ಇಂಚು ಮಣ್ಣನ್ನು ಸಡಿಲವಾಗಿಯೇ ಬಿಟ್ಟು, ಓಡಿಸುವ ಮುಂಚೆ ಕುಂಟೆ ಹೊಡೆದು ನೀರು ಕೊಡಬೇಕು. ಧೂಳಿಗೆ ನಿಜವಾದ ಔಷಧ ನೀರೇ. ಸುಣ್ಣ ಬೇಕಾದದ್ದು ಹಾರುವ ದಿಬ್ಬದ ಒಳಮೈಗೆ, ತಿರುವಿನ ಏರಿಯ ತಳಕ್ಕೆ, ಗಾಡಿ ನಿಲ್ಲಿಸುವ ಜಾಗಕ್ಕೆ ಮತ್ತು ಟ್ರ್ಯಾಕ್‌ಗೆ ಬರುವ ದಾರಿಗೆ.

ಇದರಿಂದ ದುಡ್ಡೂ ಉಳಿಯುತ್ತದೆ. ಲೆಕ್ಕ ಹಾಕಿ ನೋಡಿ. 400 ಮೀಟರ್ ಉದ್ದ, 4 ಮೀಟರ್ ಅಗಲದ ಟ್ರ್ಯಾಕನ್ನು ಅರ್ಧ ಅಡಿ ಆಳ, ಅಂದರೆ 15 ಸೆಂಟಿಮೀಟರ್ ಗಟ್ಟಿ ಮಾಡಬೇಕೆಂದರೆ 240 ಘನ ಮೀಟರ್ ಮಣ್ಣು. ಘನ ಮೀಟರಿಗೆ ಒಂದೂವರೆ ಟನ್ ಹಿಡಿದರೆ 360 ಟನ್. ಅದಕ್ಕೆ ಶೇ 4 ಸುಣ್ಣ ಎಂದರೆ 14.4 ಟನ್, 50 ಕೆಜಿಯ 288 ಚೀಲ! ಅದೇ 6 ಮೀಟರ್ ಉದ್ದದ 10 ಜಾಗಗಳಿಗಷ್ಟೇ ಹಾಕಿದರೆ 44 ಚೀಲದಲ್ಲಿ ಮುಗಿಯುತ್ತದೆ.

ಡಬ್ಬಿಯಲ್ಲಿ ಬರುವ ಔಷಧ

"ಒಂದು ಡಬ್ಬಿ ಸುರಿದರೆ ಸಾಕು, ಮಣ್ಣು ಕಾಂಕ್ರೀಟ್ ಆಗ್ತದ" ಎನ್ನುವ ವಿಡಿಯೊಗಳು ಫೋನಿಗೆ ಬರುತ್ತವೆ. ಎಲ್ಲವೂ ಸುಳ್ಳಲ್ಲ, ಆದರೆ ಎಲ್ಲಾ ಮಣ್ಣಿಗೂ ಒಂದೇ ಔಷಧ ಎನ್ನುವುದು ಸುಳ್ಳು. ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಉಪ್ಪುಗಳು ಗಾಳಿಯ ತೇವ ಎಳೆದು ಧೂಳು ಹಿಡಿಯುತ್ತವೆ. ಆದರೆ ನಮ್ಮ ಏಪ್ರಿಲ್, ಮೇ ಗಾಳಿಯಲ್ಲಿ ಎಳೆಯಲು ತೇವವೇ ಇರುವುದಿಲ್ಲ. ಮಳೆ ಬಂದರೆ ಉಪ್ಪು ಕರಗಿ ಪಕ್ಕದವರ ಹೊಲಕ್ಕೆ ಇಳಿಯುತ್ತದೆ, ಗಾಡಿಯ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಅಂಟಿನಂಥ ಪಾಲಿಮರ್ ದ್ರಾವಣ ಮೇಲೆ ಪೊರೆ ಕಟ್ಟುತ್ತದೆ. ಜನ ನಿಲ್ಲುವ ಜಾಗಕ್ಕೆ ಅದು ಆದೀತು, ಹಲ್ಲಿನ ಟಯರು ತಿರುಗುವ ಕಡೆ ಕಿತ್ತು ಬರುತ್ತದೆ. ಮಾರಲು ಬಂದವರು ನಿಮ್ಮ ಮಣ್ಣನ್ನು ಕೈಯಲ್ಲಿ ಹಿಡಿದೂ ನೋಡದಿದ್ದರೆ ದುಡ್ಡು ಕೊಡಬೇಡಿ.

ಮಾಡುವ ರೀತಿ

ನಮ್ಮ ಹಿರಿಯರು ಕಣ ಮಾಡಿದ್ದು ನೆನಪಿಸಿಕೊಳ್ಳಿ. ಜಾಗ ಹದ ಮಾಡಿ, ನೀರು ಹೊಡೆದು, ಎತ್ತು ತುಳಿಸಿ, ಸಗಣಿ ಸಾರಿಸಿ, ಒಣಗಲು ಬಿಡುತ್ತಿದ್ದರು. ಯಾರೂ ಅವಸರ ಮಾಡುತ್ತಿರಲಿಲ್ಲ. ಇದೂ ಹಾಗೆಯೇ.

ಮೊದಲು ನೀರು ಹರಿದು ಹೋಗಲು ಬದಿಗೆ ಕಾಲುವೆ ತೆಗೆಯಿರಿ. ನೀರು ನಿಂತರೆ ಯಾವ ಸುಣ್ಣವೂ ಉಳಿಸುವುದಿಲ್ಲ. ರೋಟಾವೇಟರ್‌ನಿಂದ ಹೆಂಟೆ ಒಡೆದು, ಅರಳಿದ ಸುಣ್ಣದ ಪುಡಿ ಹರಡಿ, ಬೆರೆಸಿ, ಹದವಾಗಿ ನೀರು ಹಾಕಿ ಒಂದು ದಿನ ಬಿಡಿ. ಮತ್ತೆ ಬೆರೆಸಿ ರೋಲರ್ ಹೊಡೆಯಿರಿ. ಕನಿಷ್ಠ 7 ದಿನ ತೇವ ಆರಲು ಬಿಡಬೇಡಿ, ಗಾಡಿ ಇಳಿಸಬೇಡಿ. ಬಾಯಿ ತೆರೆದ ಚೀಲದಲ್ಲಿ ತಿಂಗಳುಗಟ್ಟಲೆ ಬಿದ್ದ ಹಳೆ ಸುಣ್ಣಕ್ಕೆ ಕಸುವು ಇರುವುದಿಲ್ಲ.

ಎಚ್ಚರ: ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಕನ್ನಡಕ, ಕೈಗವಸು, ಬಾಯಿಗೆ ಬಟ್ಟೆ ಇಲ್ಲದೆ ಮುಟ್ಟಬೇಡಿ. ಗಾಳಿ ಇದ್ದ ದಿನ ಹರಡಬೇಡಿ. ನೀರು ಹಾಕದ ಸುಟ್ಟ ಸುಣ್ಣವನ್ನು ಹುಡುಗರ ಕೈಗೆ ಕೊಡಲೇಬೇಡಿ.

"ರೋಡೇ ಇಲ್ಲ, ಬೈಕಿಗೆ ಮೈದಾನ ಬೇಕಾ?"

ಊರ ಹಿರಿಯರು ನನಗೆ ಕೇಳಿದ ಪ್ರಶ್ನೆ ಇದು. ನ್ಯಾಯದ ಪ್ರಶ್ನೆ. ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಟ್ರ್ಯಾಕ್ಟರ್ ಹೂತು, ತೊಗರಿ ರಾಶಿ ತರಲು ಒದ್ದಾಡಿದವರಿಗೆ ಹಾಗೆ ಕೇಳುವ ಹಕ್ಕಿದೆ.

ನನ್ನ ಉತ್ತರ ಇಷ್ಟು: ಹೊಲದ ದಾರಿ ಹಾಳಾಗುವುದೂ ಇದೇ ಎರಿ ಮಣ್ಣಿನಿಂದ. ಅದಕ್ಕೂ ಔಷಧ ಇದೇ ಸುಣ್ಣ, ಟ್ರ್ಯಾಕ್ಟರ್ ಭಾರಕ್ಕೆ ದಪ್ಪ ಮಾತ್ರ ಹೆಚ್ಚು ಬೇಕು. ಊರಿನ 10 ಹುಡುಗರು ತಮ್ಮ ಟ್ರ್ಯಾಕ್‌ನಲ್ಲಿ ಸುಣ್ಣ ಬೆರೆಸಿ, ಒಂದು ಮಳೆಗಾಲ ಅದು ಹೇಗೆ ನಿಲ್ಲುತ್ತದೆ ಎಂದು ನೋಡಿದರೆ, ಮರುವರ್ಷ ಬಂಡಿ ದಾರಿಗೆ ಅದೇ ಕೆಲಸ ಮಾಡಲು ಊರಲ್ಲೇ ಕಲಿತವರು ಸಿಗುತ್ತಾರೆ.

ಇದಕ್ಕೆ ದೊಡ್ಡ ಯೋಜನೆ ಬೇಡ. ಗ್ರಾಮ ಪಂಚಾಯಿತಿ ಸಭೆಯಲ್ಲಿ ಮನೆಗಳಿಂದ ದೂರದ ಒಂದು ತುಂಡು ಜಾಗ ಕೇಳಿ. ಕಲಬುರಗಿಯಲ್ಲಿ ಪಿಡಿಎ ಎಂಜಿನಿಯರಿಂಗ್ ಕಾಲೇಜು ಇದೆ. ಸಿವಿಲ್ ಓದುವ ಮಕ್ಕಳಿಗೆ ನಮ್ಮ ಊರಿನ ಮಣ್ಣೇ ಪ್ರಾಜೆಕ್ಟ್ ಆಗಲಿ ಎಂದು ಹೋಗಿ ವಿನಂತಿಸಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ, ಕ್ರೀಡಾ ಇಲಾಖೆಗೆ ಅರ್ಜಿ ಕೊಡಿ. ಹೆಲ್ಮೆಟ್, ಎದೆಗವಚ ಇಲ್ಲದವರನ್ನು ಒಳಗೆ ಬಿಡುವುದಿಲ್ಲ ಎಂಬ ನಿಯಮವನ್ನು ಹುಡುಗರೇ ಬರೆದು ತರಲಿ.

ನನ್ನ ಅಕ್ಕನ ಮಗನ ಭುಜ ಈಗ ಕೂಡಿದೆ. ಮತ್ತೆ ಗಾಡಿ ಹತ್ತುತ್ತೇನೆ ಅನ್ನುತ್ತಾನೆ, ಅಕ್ಕ ಬೇಡ ಅನ್ನುತ್ತಾಳೆ. ಇಬ್ಬರಿಗೂ ನಾನು ಹೇಳಿದ್ದು ಒಂದೇ: ಮೊದಲು ಆ ಹೊಲದ ಮಣ್ಣು ಒಂದು ಡಬ್ಬಿ ತೊಗೊಂಡು ಬಾ. ನೀರಿನಲ್ಲಿ ಎಷ್ಟು ಉಬ್ಬುತ್ತದೆ ನೋಡೋಣ, ಆಮೇಲೆ ಉಳಿದ ಮಾತು.