ತಪ್ಪು ಲೆಕ್ಕಕ್ಕೆ ಸಂಸ್ಕೃತಿಯ ನೆಪ ಬೇಡ

ಹಿರಿಯರಿಗೆ ಎದುರಾಡದ ಸಂಸ್ಕೃತಿಯಿಂದಾಗಿಯೇ ಭಾರತದ ಲೆಕ್ಕಪರಿಶೋಧಕರು ಮಾಲೀಕರ ತಪ್ಪಿಗೂ ಸಹಿ ಹಾಕುತ್ತಾರೆ ಎಂಬ ವಾದ ಅರ್ಧಸತ್ಯ. ಇಂಥ ವಾದಗಳು ನೆಚ್ಚುವ, ದೇಶಗಳ ಸಂಸ್ಕೃತಿಯನ್ನು ಅಳೆಯುವ ಮನಶ್ಶಾಸ್ತ್ರಜ್ಞ ಹಾಫ್‌ಸ್ಟೆಡ್ ಅವರ ಅಳತೆಗೋಲು ಹುಟ್ಟಿದ್ದು ಐಬಿಎಂ ಎಂಬ ಒಂದೇ ಕಂಪನಿಯ ನೌಕರರ ಸಮೀಕ್ಷೆಯಿಂದ, ಲೆಕ್ಕಪರಿಶೋಧಕರ ಅಧ್ಯಯನದಿಂದಲ್ಲ.

2009ರಲ್ಲಿ ನಮ್ಮ ಸತ್ಯಂ ಕಂಪನಿಯ ಲೆಕ್ಕಪತ್ರ ಹಗರಣ ಬಯಲಾಯಿತು, ನಿಜ. ಆದರೆ ಎನ್ರಾನ್ ಕಂಪನಿಯ ಸುಳ್ಳು ಲೆಕ್ಕ ಒಪ್ಪಿದ ಆಡಿಟ್ ಸಂಸ್ಥೆ ಆರ್ಥರ್ ಆಂಡರ್ಸನ್ ಯಾವ ದೇಶದ್ದು? ಅಮೆರಿಕದ್ದು. 2020ರಲ್ಲಿ ಜರ್ಮನಿಯ ಪಾವತಿ ಕಂಪನಿ ವೈರ್‌ಕಾರ್ಡ್ ಮುಳುಗಿದಾಗ 190 ಕೋಟಿ ಯೂರೋ ಲೆಕ್ಕಕ್ಕೇ ಸಿಗಲಿಲ್ಲ. ಮದ್ದು ಇರುವುದು ಹೊಣೆಗಾರಿಕೆಯಲ್ಲಿ: ನಮ್ಮದೇ ಕಾಫಿ ಡೇಯಿಂದ 3,535 ಕೋಟಿ ರೂಪಾಯಿ ಪ್ರವರ್ತಕರ ಕಂಪನಿಗೆ ಹರಿದ ಪ್ರಕರಣದಲ್ಲಿ, 2023ರಲ್ಲಿ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ ಲೆಕ್ಕಪರಿಶೋಧಕರಿಗೇ ದಂಡ ಹಾಕಿತು.

ಉತ್ತರ ಕನ್ನಡದ ಭಟ್ಕಳ, ಹೊನ್ನಾವರ, ಕುಮಟಾದಂಥ ಊರುಗಳ ಸಹಕಾರಿ ಸಂಘಗಳಲ್ಲೂ ನೆಂಟಸ್ತಿಕೆಯ ದಾಕ್ಷಿಣ್ಯ ಖಂಡಿತ ಇದೆ. ಆದರೆ ಸಂಘದ ಲೆಕ್ಕಪರಿಶೋಧಕರನ್ನು ನೇಮಿಸುವ ಅಧಿಕಾರ ಸಾಮಾನ್ಯ ಸಭೆಯದು, ಅಂದರೆ ಸದಸ್ಯರದು.

ಸದಸ್ಯರು ಈ ಸಲದ ವಾರ್ಷಿಕ ಸಭೆಗೆ ಹೋಗಲಿ, ಆಡಿಟ್ ವರದಿ ಕೇಳಿ ಪಡೆದು ಓದಲಿ.