ಬೆಕ್ಕಿಗೆ ಲಾಡಿ

ಕಳೆದ ತಿಂಗಳು ನಮ್ಮ ಕನ್ನಡ ಸಂಘದ ಕೂಟದಲ್ಲಿ, ಚಹಾ ಬರುವುದು ತಡವಾದ ಕಾರಣ, ಒಂದು ಚರ್ಚೆ ಹುಟ್ಟಿತು. ದೀಪಾವಳಿ ರಜೆಯಲ್ಲಿ ಸೋದರಮಾವನ ಜೊತೆ ಘೋಟಿಗೆ ಹೋಗಿಬಂದ ಸುದ್ದಿಯನ್ನು ನಾನು ಹೇಳುತ್ತಿದ್ದೆ. ಮಾತಿನ ನಡುವೆ, ಮಾಮಾ ತನ್ನ ಬೆಕ್ಕಿಗೆ ಲಾಡಿ ಕಟ್ಟಿ ದಿನಾ ಎರಡು ಹೊತ್ತು ರಸ್ತೆಯಲ್ಲಿ ಅಡ್ಡಾಡಿಸುತ್ತಾನೆ ಎಂದುಬಿಟ್ಟೆ. ಎಲ್ಲರೂ ನಕ್ಕರು. ನಗಲಿ, ನಗುವಂಥಾದ್ದೇ. ಆದರೆ ನಕ್ಕಾದ ಮೇಲೆ ಬಿ.ಎ. ಕೊನೆಯ ವರ್ಷದ ಗೆಳೆಯನೊಬ್ಬ (ಹೆಸರು ಬೇಡ, ಕವಿತೆ ಬರೆಯುತ್ತಾನೆ) ಎದ್ದು ನಿಂತು, ಎತ್ತನ್ನು ಕಟ್ಟಿದ್ದಾಯಿತು, ನಾಯಿಯನ್ನು ಕಟ್ಟಿದ್ದಾಯಿತು, ಮನುಷ್ಯನಿಗೆ ಇದುವರೆಗೂ ಸೊಪ್ಪು ಹಾಕದೆ ಉಳಿದದ್ದು ಬೆಕ್ಕೊಂದೇ, ಅದಕ್ಕೂ ಹಗ್ಗ ಹಾಕುವುದು ಶೋಷಣೆಯ ಪರಮಾವಧಿ ಎಂದು ಭಾಷಣ ಮಾಡಿದ. ಚಪ್ಪಾಳೆಯೂ ಬಿತ್ತು. ಆಗ ನನಗೆ ಉತ್ತರ ಹೊಳೆಯಲಿಲ್ಲ. ನನ್ನದು ಯಾವಾಗಲೂ ಹಿಂಗೇ, ಹಾಸ್ಟೆಲ್ಲಿಗೆ ಬಂದು ಬೂಟು ಬಿಚ್ಚುವಾಗ ಉತ್ತರ ಹೊಳೆಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮಾಮಾನ ವಿಷಯ. ಮಾಮಾ ಇರುವುದು ಮೀರಜಿನಲ್ಲಿ. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ. ಅಕ್ಕಿ ಗಿರಣಿಗಳಿಗೆ ಬೇಕಾದ ರಬ್ಬರ್ ರೋಲು, ಬೆಲ್ಟು, ಬೇರಿಂಗು ಇವನ್ನೆಲ್ಲ ಹಳೆಯ ಓಮ್ನಿ ಗಾಡಿಯಲ್ಲಿ ತುಂಬಿಕೊಂಡು ಊರೂರು ತಿರುಗಿ ಮಾರುವುದು ಅವನ ದಂಧೆ. ನಮ್ಮ ಸಾಹಿತ್ಯದ ಗೆಳೆಯರಿಗೆ ಗಿರಣಿಯ ಒಳಗು ಗೊತ್ತಿರಲಿಕ್ಕಿಲ್ಲವಾದ್ದರಿಂದ ಒಂದು ಮಾತು: ಭತ್ತದ ಸಿಪ್ಪೆ ಸುಲಿಯುವ ಯಂತ್ರದಲ್ಲಿ ಎರಡು ರಬ್ಬರ್ ರೋಲುಗಳು ಎದುರುಬದುರಾಗಿ, ಒಂದು ಜೋರಾಗಿ ಇನ್ನೊಂದು ನಿಧಾನವಾಗಿ, ತಿರುಗುತ್ತವೆ. ನಡುವೆ ಸಿಕ್ಕ ಕಾಳು ಸುಲಿಯುತ್ತದೆ, ರಬ್ಬರು ಸವೆಯುತ್ತದೆ. ಆ ಸವೆದದ್ದೇ ಮಾಮಾನ ಹೊಟ್ಟೆಪಾಡು, ಮುಚ್ಚುಮರೆ ಇಲ್ಲದೆ ಹೇಳುವುದಾದರೆ ನನ್ನ ಕಾಲೇಜಿನ ಫೀ ಕೂಡ.

ಘೋಟಿ ಎಲ್ಲಿದೆ ಎನ್ನುವವರಿಗೆ: ನಾಶಿಕ ಜಿಲ್ಲೆ, ಇಗತಪುರಿ ತಾಲ್ಲೂಕು. ಮುಂಬಯಿ ಕಡೆಯಿಂದ ಬರುವವರು ಕಸಾರಾ ಘಾಟು ಹತ್ತಿ ಇಗತಪುರಿ ದಾಟಿದರೆ ಸಿಗುತ್ತದೆ. ನಾವು ಪುಣೆ ದಾಟಿ, ನಾರಾಯಣಗಾವ, ಸಂಗಮನೇರ ಹಾಯ್ದು, ಸಿನ್ನರದಲ್ಲಿ ತಿರುಗಿ ಹೋದೆವು. ಅಲ್ಲಿ ಮಳೆ ಹೆಚ್ಚು, ಭತ್ತ ಹೆಚ್ಚು, ಹಂಗಾಗಿ ಗಿರಣಿಯೂ ಹೆಚ್ಚು. ಮಹಾರಾಷ್ಟ್ರದ ಎಲ್ಲಕ್ಕಿಂತ ಎತ್ತರದ ಶಿಖರವಾದ ಕಳಸೂಬಾಯಿ (1646 ಮೀಟರು) ಅಲ್ಲಿಂದ ದೂರವಿಲ್ಲ. ಹೆದ್ದಾರಿಯ ಮೇಲೆ ಹಗಲಿರುಳೆನ್ನದೆ ಲಾರಿಗಳು. 2025ರ ಜೂನಿನಲ್ಲಿ ಪೂರ್ತಿಯಾದ 701 ಕಿಲೋಮೀಟರಿನ ಸಮೃದ್ಧಿ ಮಹಾಮಾರ್ಗವೂ ಇಗತಪುರಿಯನ್ನು ಮುಟ್ಟಿಯೇ ಹೋಗುತ್ತದೆ. ಬೆಕ್ಕಿನ ಲೆಕ್ಕದಲ್ಲಿ ನೋಡಿದರೆ ಇದು ಅಡ್ಡಾಡಿಸುವ ಊರೇ ಅಲ್ಲ.

ಇನ್ನು ಬೆಕ್ಕು. ಹೆಸರು ಗುಂಡ್ಯಾ, ಬಿಳಿ ಮೈ, ಒಂದು ಕಿವಿ ಕಂದು. ಅದು ನಮ್ಮ ಮಾಮಿಯ ಬೆಕ್ಕು. ಮಾಮಿ ಹೋಗಿ ಎರಡು ವರ್ಷವಾಯಿತು, ಮಕ್ಕಳಿಲ್ಲ. ಮಾಮಿ ಹೋದ ಮೇಲೆ ಮೊದಲನೆಯ ಸಲ ದಂಧೆಗೆ ಹೊರಟಾಗ ಮಾಮಾ ಬೆಕ್ಕನ್ನು ಪಕ್ಕದ ಮನೆಯಲ್ಲಿ ಬಿಟ್ಟುಹೋಗಿದ್ದ. ಅವರು ಒಳ್ಳೆಯ ಜನ, ಹಾಲು ಇಟ್ಟರು, ಮೀನು ಇಟ್ಟರು. ಗುಂಡ್ಯಾ ಮೂರು ದಿನ ಯಾವುದನ್ನೂ ಮೂಸಲಿಲ್ಲ, ಬೀರುವಿನ ಹಿಂದೆಯೇ ಕೂತಿತ್ತು. ಮಾಮಾ ಅರ್ಧ ದಾರಿಯಿಂದ ವಾಪಸು ಬಂದು ದನದ ಡಾಕ್ಟರರಿಗೆ ತೋರಿಸಿದರೆ, ಬೆಕ್ಕು ನಾಲ್ಕಾರು ದಿನ ಉಪವಾಸ ಬಿದ್ದರೆ ಮೈಯಲ್ಲಿನ ಕೊಬ್ಬೆಲ್ಲ ಪಿತ್ತಜನಕಾಂಗಕ್ಕೆ ಬಂದು ತುಂಬಿ ಜೀವಕ್ಕೇ ಅಪಾಯ ಎಂದರಂತೆ. ಅಂದಿನಿಂದ ಮಾಮಾ ಎಲ್ಲಿಯೋ ಗುಂಡ್ಯಾ ಅಲ್ಲಿ. ಪೇಟೆಯಲ್ಲಿ ಸಿಗುವ ಕೊರಳಪಟ್ಟಿ ಮಾಮಾನಿಗೆ ಹಿಡಿಸಲಿಲ್ಲ. ಮಾಮಿಯ ಹೊಲಿಗೆ ಡಬ್ಬಿಯಲ್ಲಿದ್ದ ಪರಕಾರದ ಲಾಡಿ ತೆಗೆದು, ಮುಂಗಾಲುಗಳ ಹಿಂದೊಂದು ಮುಂದೊಂದು ಸುತ್ತು ಬರುವಂತೆ, ಎದೆಗೆ ಕೂಡುವ ಪಟ್ಟಿಯನ್ನು ತಾನೇ ಹೊಲಿದ. ಅದಕ್ಕೆ ಎರಡು ಮಾರು ಉದ್ದದ ಇನ್ನೊಂದು ಲಾಡಿ. ಇಷ್ಟೇ ನಮ್ಮ ಗೆಳೆಯನ ಶೋಷಣೆಯ ಸಲಕರಣೆ!

ಗುಂಡ್ಯಾನ ಕಿಲಾಡಿತನವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಬೆಲ್ಟಿನ ತುಂಡು ಕಂಡರೆ ಹಾವು ಎಂದು ಹಾರುತ್ತದೆ. ಬೇರಿಂಗಿನ ಗುಂಡನ್ನು ಸೀಟಿನ ಕೆಳಗೆ ಉರುಳಿಸಿ, ಆಮೇಲೆ ನಾವು ತೆಗೆದುಕೊಡಲಿ ಎಂದು ನೋಡುತ್ತ ಕೂಡುತ್ತದೆ. ನಾನು ಬಿಲ್ಲು ಬರೆಯಲು ಹೋದವನು. ಒಂದು ರಾತ್ರಿ ಅದು ಬಿಲ್ ಬುಕ್ಕಿನ ಕಾರ್ಬನ್ ಹಾಳೆಯನ್ನು ಎಳೆದು ಹರಿದಾಡಿದ್ದರಿಂದ, ಮರುದಿನ ಒಬ್ಬ ಗಿರಣಿಯವರಿಗೆ ಕೊಟ್ಟ ಬಿಲ್ಲಿನ ಮೇಲೆ ಮೊತ್ತದ ಪಕ್ಕದಲ್ಲೇ ನೀಲಿ ಪಂಜದ ಗುರುತು ಇತ್ತು. ಅವರು ನೋಡಿ, ಸಹಿ ಬಂದಿದೆಯಲ್ಲ ಎಂದು ಸುಮ್ಮನಾದರು. ಇಂಥ ಪ್ರಾಣಿಯನ್ನು ಹಗಲೆಲ್ಲ ಗಾಡಿಯಲ್ಲೋ ಲಾಡ್ಜಿನ ಕೋಣೆಯಲ್ಲೋ ಕೂಡಿಹಾಕಿದರೆ ಅದೂ ಹುಚ್ಚಾಗುತ್ತದೆ, ನಾವೂ ಹುಚ್ಚಾಗುತ್ತೇವೆ. ಅದಕ್ಕೇ ಬೆಳಿಗ್ಗೆ ಸಂಜೆ ಲಾಡಿ ಹಿಡಿದು ಹೊರಗೆ.

ಈಗ ನಾನು ಹೇಳಲೇಬೇಕಾದ, ಕೂಟದಲ್ಲಿ ಹೇಳದೆ ಬಿಟ್ಟ ಸಂಗತಿಗೆ ಬರುತ್ತೇನೆ. ಘೋಟಿಯಲ್ಲಿ ಎರಡನೆಯ ದಿನ ಬೆಳಿಗ್ಗೆ ಮಾಮಾ ಗುಂಡ್ಯಾನನ್ನು ಅಡ್ಡಾಡಿಸುತ್ತಿದ್ದ. ಅಂದರೆ, ಗುಂಡ್ಯಾ ಮಾಮಾನನ್ನು ಅಡ್ಡಾಡಿಸುತ್ತಿತ್ತು. ಬೆಕ್ಕು ನಾಯಿಯ ಹಾಗೆ ಸರಳ ರೇಖೆಯಲ್ಲಿ ನಡೆಯುವುದಿಲ್ಲ. ನಾಲ್ಕು ಹೆಜ್ಜೆ ಇಟ್ಟು ಕೂತಿತು, ಚರಂಡಿ ಇಣುಕಿತು, ಚಿಟ್ಟೆಗೆ ನೆಗೆಯಿತು. ಅದರ ಹಿಂದೆ ಐವತ್ತೆರಡು ವರ್ಷದ, ಧೋತರ ಉಟ್ಟ, ಮೀಸೆಯ ಮನುಷ್ಯ ಲಾಡಿ ಹಿಡಿದು ತಾನೂ ಕೂಡುತ್ತಾನೆ, ತಾನೂ ಇಣುಕುತ್ತಾನೆ! ಚಹಾದಂಗಡಿಯ ಮುಂದೆ ನನ್ನ ವಯಸ್ಸಿನ ಹುಡುಗರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ನಗುತ್ತಿದ್ದರು. ಅವರಲ್ಲೊಬ್ಬ ನನ್ನ ಕಡೆ ತಿರುಗಿ, “ಹೇ ಕೋಣ? ತುಮಚೇ ಕಾಕಾ ಕಾ?” ಎಂದ.

ನಾನು, “ನಾಹೀ, ಡ್ರಾಯ್ವರ್ ಆಹೇ” ಎಂದೆ.

ಹೌದು, ಹಂಗೇ ಅಂದೆ. ಮಾಮಾ ಹತ್ತು ಹೆಜ್ಜೆ ದೂರದಲ್ಲಿದ್ದ, ಕೇಳಿಸಿಕೊಂಡ, ಏನೂ ಅನ್ನಲಿಲ್ಲ. ಮಧ್ಯಾಹ್ನ ಗಿರಣಿಗೆ ಹೋದಾಗ ಮಾಲೀಕರಿಗೆ ನನ್ನನ್ನು ತೋರಿಸಿ, “ಇವರು ನಮ್ಮ ಸಾಹೇಬರು, ನಾನು ಡ್ರೈವರ್” ಎಂದು ಮರಾಠಿಯಲ್ಲಿ ಹೇಳಿ ಸೇದುತ್ತಿದ್ದ ಬೀಡಿ ಆರಿಸಿದ. ಅವರು ತಮಾಷೆ ಎಂದುಕೊಂಡು ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡಲಿ?

ಆ ದಿನ ರಾತ್ರಿ ನಿದ್ದೆ ಬರಲಿಲ್ಲ. ನನಗೆ ನಾಚಿಕೆ ಯಾಕಾಯಿತು? ಇದೇ ಮಾಮಾ ಒಂದು ಆಲ್ಸೇಶನ್ ನಾಯಿಗೆ ಸರಪಳಿ ಹಾಕಿ ಹಿಡಿದಿದ್ದರೆ, ಎದೆ ಸೆಟೆಸಿ, ಹೌದು ನಮ್ಮ ಮಾಮಾ ಎನ್ನುತ್ತಿದ್ದೆ. ನಾಯಿ ಗಂಡಸಿನ ಕೈಯಲ್ಲಿದ್ದರೆ ದರ್ಬಾರು, ಬೆಕ್ಕು ಇದ್ದರೆ ನಗೆಪಾಟಲು. ಬೆಕ್ಕು ಹೆಂಗಸರದು, ಒಲೆಯ ಮುಂದಿನದು, ಅಡ್ಡ ಬಂದರೆ ಅಪಶಕುನದ್ದು. ಗಾದೆಗಳಲ್ಲೂ ಅದಕ್ಕೆ ಒಳ್ಳೆಯ ಹೆಸರಿಲ್ಲ, ಕಣ್ಣು ಮುಚ್ಚಿ ಹಾಲು ಕುಡಿಯುವ ಕಳ್ಳ. ಘೋಟಿಯ ಗಿರಣಿಗಳಲ್ಲಿ ನೋಡಿದರೆ ಚೀಲ ಕಾಯುವುದು ಅದೇ ಕಳ್ಳ. ಒಂದೊಂದು ಗಿರಣಿಯಲ್ಲಿ ಎರಡು ಮೂರು ಬೆಕ್ಕು, ಹೊಟ್ಟಿನ ರಾಶಿಯ ಮೇಲೆ ಮಲಗಿ ರಾತ್ರಿ ಪಾಳಿ ಮಾಡುತ್ತವೆ. ಸಂಬಳ ಇಲಿ!

ನಮ್ಮ ಕಾಮರ್ಸಿನವರಿಗೆ ಇಲ್ಲೊಂದು ಸ್ವಾರಸ್ಯ ಹೇಳಬೇಕು. ಲಂಡನ್ನಿನ ಅಂಚೆ ಇಲಾಖೆಯ ಮನಿ ಆರ್ಡರ್ ಕಚೇರಿಯಲ್ಲಿ ಇಲಿ ಕಾಟ ಹೆಚ್ಚಾದಾಗ, 1868ರಲ್ಲಿ ಮೂರು ಬೆಕ್ಕುಗಳಿಗೆ ವಾರಕ್ಕೆ ಒಂದು ಶಿಲ್ಲಿಂಗ್ ಭತ್ಯ ಮಂಜೂರಾಯಿತು. ಆರು ತಿಂಗಳಲ್ಲಿ ಇಲಿ ಕಡಿಮೆಯಾಗದಿದ್ದರೆ ಭತ್ಯ ಕಡಿತ ಎಂಬ ಷರತ್ತು ಬೇರೆ! ಬ್ರಿಟನ್ನಿನ ಗೃಹ ಖಾತೆ 1929ರಲ್ಲಿ ತನ್ನ ಕಚೇರಿಯ ಬೆಕ್ಕಿಗೆ ದಿನಕ್ಕೊಂದು ಪೆನ್ನಿಯನ್ನು ಚಿಲ್ಲರೆ ನಗದಿನಿಂದ ಕೊಡಲು ಒಪ್ಪಿತು. ಉದ್ಯೋಗದ ಮೇಲೆ ಊರು ಸುತ್ತಿದ ಬೆಕ್ಕೂ ಉಂಟು. ಮ್ಯಾಥ್ಯೂ ಫ್ಲಿಂಡರ್ಸ್ ಎಂಬ ನಾವಿಕ 1801ರಿಂದ 1803ರವರೆಗಿನ ಯಾನದಲ್ಲಿ ಆಸ್ಟ್ರೇಲಿಯಾ ಖಂಡವನ್ನು ಸುತ್ತಿ ನಕ್ಷೆ ಬರೆದಾಗ ಹಡಗಿನಲ್ಲಿ ಟ್ರಿಮ್ ಎಂಬ ಅವನ ಬೆಕ್ಕೂ ಇತ್ತು. ಹೋಗುವಾಗ ಬರುವಾಗ ಜೊತೆಗಿತ್ತು, ಮಾರಿಷಸ್ ದ್ವೀಪದಲ್ಲಿ ಫ್ರೆಂಚರು ಅವನನ್ನು ಸೆರೆಯಲ್ಲಿಟ್ಟಾಗ ಮಾತ್ರ ಕಳೆದುಹೋಯಿತು. ಟ್ರಿಮ್‌ಗೆ ಲಾಡಿ ಇರಲಿಲ್ಲ ಎಂದು ನಮ್ಮ ಕವಿಮಿತ್ರ ಅಂದಾನು. ಇರಲಿಲ್ಲ, ಸರಿ. ಸುತ್ತ ಸಮುದ್ರವಿತ್ತು. ದಡದ ಮೇಲೆ ಬಿಟ್ಟಾಗ ಏನಾಯಿತು ಎಂಬುದನ್ನೂ ಹೇಳಿದೆನಲ್ಲ.

ಈಗ ಅವನ ಸ್ವಾತಂತ್ರ್ಯದ ಮಾತಿಗೆ ಬರೋಣ. ಬೆಕ್ಕು ಸ್ವತಂತ್ರ ಪ್ರಾಣಿ, ಒಪ್ಪಿದೆ. ಆದರೆ ಎಲ್ಲಿ? ತನ್ನ ಹದ್ದಿನಲ್ಲಿ. ಬಾಗಿಲ ಚೌಕಟ್ಟಿಗೆ, ಕಂಬಕ್ಕೆ, ನಮ್ಮ ಕಾಲಿಗೆ ಕೆನ್ನೆ ತಿಕ್ಕಿ ತಿಕ್ಕಿ ತನ್ನ ವಾಸನೆ ಹಚ್ಚಿ ಅದು ಊರು ಕಟ್ಟಿಕೊಳ್ಳುತ್ತದೆ. ಆ ವಾಸನೆಯೇ ಅದರ ಗಡಿಕಲ್ಲು. ಮೀರಜಿನ ಗಲ್ಲಿಯಲ್ಲಿ ಗುಂಡ್ಯಾನಿಗೆ ಲಾಡಿ ಇಲ್ಲ, ಮಾಮಾ ಅಲ್ಲಿ ಅದನ್ನು ಮುಟ್ಟಿಯೂ ನೋಡುವುದಿಲ್ಲ. ಘೋಟಿಯಲ್ಲಿ ಅದಕ್ಕೆ ಒಂದು ಕಂಬದ ಪರಿಚಯವೂ ಇಲ್ಲ. ಅಲ್ಲಿನ ಹದ್ದೆಲ್ಲ ಗಿರಣಿ ಬೆಕ್ಕುಗಳದ್ದು, ಬೀದಿ ನಾಯಿಗಳದ್ದು, ಲಾರಿಗಳದ್ದು. ಅಲ್ಲಿ ಬಿಟ್ಟರೆ ಅದು ಸ್ವಾತಂತ್ರ್ಯವಲ್ಲ, ಪರದೇಶಿತನ. ಹದಿನಾರನೇ ವಯಸ್ಸಿಗೆ ಹಳ್ಳಿಯ ಕನ್ನಡ ಶಾಲೆಯಿಂದ ಬಂದು ಈ ಕಾಲೇಜಿನ ಇಂಗ್ಲಿಷ್ ಕ್ಲಾಸಿನಲ್ಲಿ ಕೂತ ನನಗೆ ಅದು ಎಂಥದ್ದು ಎಂದು ಗೊತ್ತು. ಮೊದಲ ಆರು ತಿಂಗಳು ನಾನೂ ಬೀರುವಿನ ಹಿಂದೆ ಇದ್ದವನೇ.

ಆದರೆ ನನ್ನ ಗೆಳೆಯನ ಮಾತು ಪೂರ್ತಿ ಸುಳ್ಳೂ ಅಲ್ಲ. ಅದನ್ನು ತಿಳಿದದ್ದು ಮೂರನೆಯ ದಿನ, ನನ್ನದೇ ತಪ್ಪಿನಿಂದ. ಮಾಮಾ ಗಿರಣಿಯ ಒಳಗೆ ಅಳತೆ ತೆಗೆಯಲು ಹೋಗುತ್ತ ಲಾಡಿಯನ್ನು ನನ್ನ ಕೈಗೆ ಕೊಟ್ಟು, “ಅಳ್ಯಾ, ಹಿಡ್ಕೊಂಡ ನಿಂದ್ರು. ಎಲ್ಲೀ ಕಟ್ಟಬ್ಯಾಡ” ಎಂದ. ನನಗೆ ಮತ್ತೆ ನಾಚಿಕೆ. ಹಮಾಲರು ನೋಡುತ್ತಿದ್ದಾರೆ! ಲಾಡಿಯ ತುದಿಯನ್ನು ಅಲ್ಲೇ ನಿಂತ ಟೆಂಪೋದ ಕೊಂಡಿಗೆ ಕಟ್ಟಿ, ಫೋನು ನೋಡುತ್ತ ಆ ಕಡೆ ಸರಿದು ನಿಂತೆ. ಹೆದ್ದಾರಿಯಲ್ಲಿ ಒಂದು ಲಾರಿ ಜೋರಾಗಿ ಹಾರ್ನ್ ಹೊಡೆಯಿತು. ಗುಂಡ್ಯಾ ಗಾಬರಿಯಾಗಿ ಟೆಂಪೋದ ಹಲಗೆಯ ಮೇಲೆ ಹಾರಿ, ಒಳಬದಿಗೆ ಜಿಗಿಯಿತು. ಲಾಡಿ ಸಾಲಲಿಲ್ಲ. ಅಂತರದಲ್ಲಿ ನೇತಾಡಿತು. ನನಗೆ ಕೂಗಲೂ ಬಾಯಿ ಬರಲಿಲ್ಲ. ಒಬ್ಬ ಹಮಾಲರು ಬೆನ್ನ ಮೇಲಿನ ಚೀಲ ಕೆಡವಿ ಓಡಿಬಂದು ಅದನ್ನು ಎತ್ತಿ ಹಿಡಿದರು. ಅವರ ಕೈಯೆಲ್ಲ ಪರಚಿತು. ಎದೆಪಟ್ಟಿ ಇದ್ದದ್ದರಿಂದ ಭಾರ ಎದೆಯ ಮೇಲೆ ಬಿದ್ದು ಉಳಿಯಿತು. ಕೊರಳಪಟ್ಟಿಯಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಆದ್ದರಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಲಾಡಿ ಹಿಡಿಯುವುದು ಬೇರೆ, ಲಾಡಿ ಕಟ್ಟುವುದು ಬೇರೆ. ಹಿಡಿದವನ ಕೈ ಬೆಕ್ಕು ಹಾರಿದರೆ ಮುಂದೆ ಹೋಗುತ್ತದೆ, ಕೊಂಡಿ ಹೋಗುವುದಿಲ್ಲ. ಪರ ಊರಿನಲ್ಲಿ, ಎದೆಪಟ್ಟಿಯಲ್ಲಿ, ಹಿಡಿದವನ ಧ್ಯಾನ ಬೆಕ್ಕಿನ ಮೇಲೇ ಇದ್ದಾಗ, ಬೆಕ್ಕಿಗೆ ಲಾಡಿ ಹಾಕುವುದು ತಪ್ಪಲ್ಲ. ಕಟ್ಟಿ ಬಿಟ್ಟುಹೋಗುವುದು ತಪ್ಪು. ಕಾನೂನೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನಂತೆ ತೀರ ಗಿಡ್ಡ ಅಥವಾ ತೀರ ಭಾರದ ಹಗ್ಗ, ಸರಪಳಿಯಲ್ಲಿ ಅನುಚಿತವೆನ್ನುವಷ್ಟು ಹೊತ್ತು ಪ್ರಾಣಿಯನ್ನು ಕಟ್ಟಿಡುವುದು ಅಪರಾಧ. ಮೊದಲ ತಪ್ಪಿಗೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಘೋಟಿಯಲ್ಲಿ ಎರಡು ವಡಾಪಾವ್, ಎರಡು ಚಹಾ ತೆಗೆದುಕೊಂಡರೆ ಇಷ್ಟೇ ಆಗುತ್ತದೆ.

ನಮ್ಮ ಕಡೆ ಒಂದು ಕತೆಯುಂಟಲ್ಲ, ಶ್ರಾದ್ಧದ ದಿನ ಹಾಲಿಗೆ ಬಾಯಿ ಹಾಕೀತೆಂದು ಅಜ್ಜ ಬೆಕ್ಕನ್ನು ಬುಟ್ಟಿಯಡಿ ಮುಚ್ಚಿಡುತ್ತಿದ್ದನಂತೆ. ಮೊಮ್ಮಕ್ಕಳ ಕಾಲಕ್ಕೆ ಮನೆಯಲ್ಲಿ ಬೆಕ್ಕೇ ಇಲ್ಲದೆ, ಶ್ರಾದ್ಧಕ್ಕೆಂದು ಪಕ್ಕದ ಮನೆಯ ಬೆಕ್ಕನ್ನು ಸಾಲ ತಂದು ಮುಚ್ಚಿಟ್ಟರಂತೆ. ಈಗ ಪಟ್ಟಣದಲ್ಲಿ ಬಣ್ಣ ಬಣ್ಣದ ಪಟ್ಟಿ ಕೊಂಡು, ಫೋಟೋಕ್ಕಾಗಿ ಬೆಕ್ಕನ್ನು ಮಾಲ್‌ಗೆ ಎಳೆದೊಯ್ಯುವವರನ್ನು ಕಂಡಾಗ ನನಗೆ ಆ ಮೊಮ್ಮಕ್ಕಳ ನೆನಪು ಬರುತ್ತದೆ. ಅವರ ಬಗ್ಗೆ ಗೆಳೆಯ ಎಷ್ಟು ಬೇಕಾದರೂ ಭಾಷಣ ಮಾಡಲಿ, ನಾನೇ ಚಪ್ಪಾಳೆ ಹೊಡೆಯುತ್ತೇನೆ.

ಲಾಡ್ಜಿನವರ ಬಗ್ಗೆಯೂ ಬರೆಯಬೇಕೆಂದಿದ್ದೆ (ಒಬ್ಬರು ಬೆಕ್ಕು ಕಂಡು ರಾತ್ರಿ ಒಂಬತ್ತಕ್ಕೆ ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದರು), ಬೇಡ. ಅವರ ಹಾಸಿಗೆ ಅವರದು.

ಘೋಟಿಯ ನಂತರ ಛತ್ರಪತಿ ಸಂಭಾಜಿನಗರ ಜಿಲ್ಲೆಗೆ ಹೋದೆವು, ಹತ್ತಿ ಜಿನ್ನಿಂಗಿನವರಿಗೆ ಬೆಲ್ಟು ಕೊಡಲು. ಅಲ್ಲಿ ‘ಕನ್ನಡ’ ಎಂಬ ಹೆಸರಿನ ತಾಲ್ಲೂಕೇ ಇದೆ. ದೇವನಾಗರಿಯಲ್ಲಿ ನಮ್ಮ ಭಾಷೆಯ ಹೆಸರು ಬರೆದ ಕಿಲೋಮೀಟರ್ ಕಲ್ಲು ಕಂಡು ನಾನು ಗಾಡಿಯಲ್ಲೇ ಕುಣಿದೆ. ವೆರೂಳಿನಲ್ಲಿ, ಅದೇ ನಮ್ಮ ಎಲ್ಲೋರದಲ್ಲಿ, ರಾಷ್ಟ್ರಕೂಟರ ಒಂದನೆಯ ಕೃಷ್ಣ ಎಂಟನೆಯ ಶತಮಾನದಲ್ಲಿ ಕೊರೆಸಿದ ಕೈಲಾಸವನ್ನು ನೋಡಬೇಕೆಂದು ನನ್ನ ಆಸೆ. ಬೆಕ್ಕನ್ನು ಬಿಸಿಲಲ್ಲಿ ಗಾಡಿಯೊಳಗೆ ಬಿಡುವಂತಿಲ್ಲ. ಮಾಮಾ, “ನೀ ನೋಡಿ ಬಾ, ನಾ ಹೊರಗ ಇರ್ತೀನಿ” ಎಂದ. ನಾನು ಲಾಡಿ ತೆಗೆದುಕೊಂಡು, “ಮೊದಲ ನೀ ಹೋಗಿ ಬಾ ಮಾಮಾ” ಎಂದೆ. ಹೊರಗಿನ ಬೇವಿನ ಗಿಡದ ಕೆಳಗೆ ಒಂದು ತಾಸು ಕೂತೆ. ಗುಂಡ್ಯಾ ನನ್ನ ಚಪ್ಪಲಿಯ ಉಂಗುಷ್ಟ ಕಡಿಯುತ್ತಿತ್ತು. ಜನ ಬಂದರು, ನಕ್ಕರು, ಫೋಟೋ ತೆಗೆದರು. ಒಬ್ಬ ಮುದುಕಿ, ಬೆಕ್ಕು ಯಾರದು ಎಂದು ಕೇಳಿದಳು. “ಮಾಝ್ಯಾ ಮಾಮಾಚಂ” ಎಂದೆ.

ಡ್ರೈವರ್ ಎಂದ ಮಾತಿಗೆ ಮಾತ್ರ ಕ್ಷಮೆ ಕೇಳಲು ಇನ್ನೂ ಆಗಿಲ್ಲ. ಮಾಮಾ ಆ ಮಾತೇ ಎತ್ತುವುದಿಲ್ಲ, ನನಗೆ ಎತ್ತಲು ಧೈರ್ಯವಿಲ್ಲ. ಈ ಸಂಚಿಕೆ ಬಂದ ಮೇಲೆ ಒಂದು ಪ್ರತಿ ಮೀರಜಿಗೆ ಕಳಿಸುವವನಿದ್ದೇನೆ. ಟೆಂಪೋದ ದಿನ ಹಳೆಯ ಲಾಡಿ ಒಂದು ಕಡೆ ಬಿಟ್ಟುಕೊಂಡಿದೆ. ಮೊನ್ನೆ ಸಂತೆಯಲ್ಲಿ ಹೊಸ ಲಾಡಿ ಐದು ಮೀಟರು ಕೊಂಡೆ, ಅದನ್ನೂ ಜೊತೆಗೆ ಇಡುತ್ತೇನೆ. ಮಾಮಾನ ಖರ್ಚಿನ ವಹಿಯನ್ನು ಈಗ ನಾನೇ ಬರೆಯುವುದು. ಪೆಟ್ರೋಲ್, ಲಾಡ್ಜು, ಟೋಲ್, ಊಟ ಇವುಗಳ ಕೆಳಗೆ ‘ಗುಂಡ್ಯಾ’ ಎಂದು ಹೊಸದೊಂದು ಸಾಲು ಹಾಕಿದ್ದೇನೆ.